ಅಕ್ಷರ–ಅಂಕಿ ಫೈನಲ್ ಮುಗಿಯಿತು: ಕೆಲವು ಕೃತಜ್ಞತೆ, ಒಂದು ದೊಡ್ಡ ಕೃತಜ್ಞತೆ

ಬಿಲ್ಲೆಗಳಿಂದ ಪದ ಕಟ್ಟುವ, ಲೆಕ್ಕ ಹಾಕಿ ಗುರಿ ಮುಟ್ಟುವ ನಮ್ಮ ವಾಚನಾಲಯದ ಅಕ್ಷರ–ಅಂಕಿ ಸ್ಪರ್ಧೆಯ ಫೈನಲ್ 54–47ಕ್ಕೆ ಮುಗಿದ ಸುದ್ದಿ ಪೆರ್ಲದಿಂದ ಕುಂಬಳೆಯವರೆಗೆ ಈಗ ಎಲ್ಲರಿಗೂ ಗೊತ್ತು. ಊರಿನ ಕೇಬಲ್ ಚಾನೆಲಿನಲ್ಲಿ ನೇರ ಪ್ರಸಾರ ನೋಡಿದವರ ಫೋನು ಇನ್ನೂ ನಿಂತಿಲ್ಲ. ಹಾಗಾಗಿ ಇಲ್ಲಿ ಸ್ಪರ್ಧೆಯ ಪೂರ್ತಿ ವರದಿ ಇಲ್ಲ. ಸಲ್ಲಿಸಲಿಕ್ಕೆ ಬಾಕಿ ಇರುವ ಕೃತಜ್ಞತೆ ಮಾತ್ರ ಇದೆ.

ಮೊದಲು ಒಟ್ಟಿಗೆ ಹೇಳಬೇಕಾದವರು: ಹಾಲ್ ಬಿಟ್ಟುಕೊಟ್ಟ ಶಾಲೆಯವರು, ಕ್ಯಾಮೆರಾ ಇಟ್ಟು ಪೈಸೆ ಕೇಳದ ಚಾನೆಲಿನ ಹುಡುಗರು, ಕುರ್ಚಿ ಹೊತ್ತ ಯುವಕರು, ಚಾ–ಅವಲಕ್ಕಿ ನೋಡಿಕೊಂಡ ಅಮ್ಮಂದಿರು, ಮುಳ್ಳೇರಿಯ, ಪೈವಳಿಕೆ, ಮಂಜೇಶ್ವರ ಕಡೆಯಿಂದ ಮಕ್ಕಳನ್ನು ಕರೆತಂದು ಕೊನೆಯ ಬಸ್ಸನ್ನೂ ಬಿಟ್ಟುಕೊಂಡ ಹೆತ್ತವರು. ನಿಮಗೆಲ್ಲ ಸೇರಿ ಒಂದೇ ವಾಕ್ಯ ಆಯಿತೆಂದು ಬೇಸರಿಸಬೇಡಿ. ಯಾಕೆಂದು ಮುಂದೆ ಓದಿದರೆ ನೀವೇ ಒಪ್ಪುತ್ತೀರಿ.

ಆಟದ ಮೂಲ ನಮ್ಮದಲ್ಲ. ಫ್ರಾನ್ಸಿನಲ್ಲಿ ಅರ್ಮಾಂ ಜಾಮೋ 1965ರಲ್ಲಿ ಇದನ್ನು ಅತಿ ಉದ್ದದ ಪದ ಹುಡುಕುವ ಆಟವಾಗಿ ಟೀವಿಗೆ ತಂದರು. 1972ರಿಂದ ಅಂಕಿಯ ಸುತ್ತೂ ಸೇರಿ ‘ದೆ ಶಿಫ್ರ್ ಎ ದೆ ಲೆತ್ರ್’ ಆಯಿತು. ಬ್ರಿಟನ್ನಿನ ಚಾನೆಲ್ 4 ಹುಟ್ಟಿದ ದಿನ, 1982ರ ನವೆಂಬರ್ 2ರಂದು, ಮೊದಲು ಬಂದ ಕಾರ್ಯಕ್ರಮವೇ ಅದರ ಇಂಗ್ಲಿಷ್ ರೂಪ ‘ಕೌಂಟ್‌ಡೌನ್’. ಒಂಬತ್ತು ಅಕ್ಷರ, 30 ಸೆಕೆಂಡು, ಆದಷ್ಟು ಉದ್ದದ ಪದ. ಕೊನೆಯ ಸುತ್ತಿನಲ್ಲಿ ಅಕ್ಷರ ಕಲಸಿದ ಒಂದು ಪದ. ಮೊದಲು ಬೆಲ್ ಒತ್ತಿ ಸರಿ ಹೇಳಿದವರಿಗೆ 10 ಅಂಕ, ತಪ್ಪಿದವರಿಗೆ ಮತ್ತೆ ಅವಕಾಶವಿಲ್ಲ. ಈಗ ಅಲ್ಲಿ 15 ಸುತ್ತು. ನಾವು ಅವರ ಹಳೆಯ 9 ಸುತ್ತಿನ ಕ್ರಮ ಹಿಡಿದೆವು: ಅಕ್ಷರ 6, ಅಂಕಿ 2, ಕಲಸುಪದ 1.

ಇಂಗ್ಲಿಷಿನ ನಿಯಮವನ್ನು ಎತ್ತಿ ಹಾಗೆಯೇ ಕನ್ನಡಕ್ಕೆ ಇಟ್ಟರೆ ಆಟ ಕೆಡುತ್ತದೆ. ಅದು ಕೆಡದ ಹಾಗೆ ನೋಡಿಕೊಂಡದ್ದು ನಮ್ಮ ಇಬ್ಬರು ಕನ್ನಡ ಟೀಚರು. ಬೇರೆ ಊರಿನವರಿಗೆ ಬೇಕಾದೀತೆಂದು ಅವರ ಕ್ರಮವನ್ನು ಬರೆದಿಡುತ್ತೇವೆ. ಚೀಲದಿಂದ ತೆಗೆಯುವ ಅಕ್ಷರದ ಬಿಲ್ಲೆಯಲ್ಲಿ ಇರುವುದು ಬರೀ ವ್ಯಂಜನ, ಕಾಗುಣಿತ ಆಡುವವರ ಇಷ್ಟ. ಕ ಬಿಲ್ಲೆ ಕಾ ಆದೀತು, ಕಿ ಆದೀತು, ಕೂ ಆದೀತು. ಒತ್ತಕ್ಷರಕ್ಕೆ ಮಾತ್ರ ಬೇರೆ ಬಿಲ್ಲೆ ಬೇಕು: ‘ಕನ್ನಡ’ ಬರೆಯಲು ಎರಡು ನ ಇರಲೇಬೇಕು. ಪದದ ಮೊದಲಿಗೆ ಬರುವ ಅ, ಇ, ಉ ಮುಂತಾದವಕ್ಕೆ ಸ್ವರದ ಬಿಲ್ಲೆ, ಸೊನ್ನೆಗೂ ಒಂದು ಬಿಲ್ಲೆ. ಬಿಲ್ಲೆಗೆ ಒಂದು ಅಂಕ. ‘ನವಿಲುಗರಿ’ಗೆ 5, ‘ಕನ್ನಡ’ಕ್ಕೆ 4.

ಬಹುವಚನ ಇಲ್ಲ, ವಿಭಕ್ತಿ ಇಲ್ಲ. ಕೌಂಟ್‌ಡೌನಿನಲ್ಲಿ ಬಹುವಚನ ನಡೆಯುತ್ತದೆ, ಯಾಕೆಂದರೆ ಅಲ್ಲಿ ಅದರಿಂದ ಸಾಮಾನ್ಯವಾಗಿ ಒಂದಕ್ಷರ, ಹೆಚ್ಚೆಂದರೆ ಎರಡಕ್ಷರ ಏರುತ್ತದೆ. ಇಲ್ಲಿ ‘ಮರ’ಕ್ಕೆ 2, ‘ಮರಗಳು’ ಎಂದ ಕೂಡಲೇ 4; ಅದರ ಮೇಲೆ ‘ಮರಗಳಿಂದ’ ಎಂದು ಸೊನ್ನೆ, ದ ಕೂಡಿಸಿದರೆ 6. ಪದ ಗೊತ್ತಿದ್ದವರಿಗೂ ಪ್ರತ್ಯಯ ಅಂಟಿಸುವವರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ನಿಘಂಟಿನಲ್ಲಿ ತಲೆಪದವಾಗಿ ಇರುವ ರೂಪಕ್ಕೆ ಮಾತ್ರ ಅಂಕ. ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು 8 ಸಂಪುಟ, ವೇದಿಕೆಯ ಮೇಲೆ ತಿರುವಿ ಹಾಕುವ ಗಾತ್ರದ್ದಲ್ಲ. ಸಂಕ್ಷಿಪ್ತ ನಿಘಂಟು ಮೇಜಿಗೆ, ದೊಡ್ಡದು ತಕರಾರಿಗೆ.

ಚೀಲದಲ್ಲಿ ಯಾವ ಬಿಲ್ಲೆ ಎಷ್ಟು ಎಂಬುದು ಇನ್ನೊಂದು ತಲೆನೋವು. ಪತ್ರಿಕೆಯ ಒಂದು ಪುಟ ತೆಗೆದು ಅಕ್ಷರ ಎಣಿಸುವುದು ಸುಲಭ, ಆದರೆ ಆ ಲೆಕ್ಕ ದಾರಿ ತಪ್ಪಿಸುತ್ತದೆ. ಬರಹದಲ್ಲಿ ‘ಅನ್ನು’, ‘ಅಲ್ಲಿ’, ‘ಗಳು’ ಸಾಲುಸಾಲಿಗೂ ಬರುವುದರಿಂದ ನ, ಲ, ಗ, ಳ ಇರಬೇಕಾದ್ದಕ್ಕಿಂತ ಹೆಚ್ಚು ಕಾಣುತ್ತವೆ. ಪ್ರತ್ಯಯವನ್ನೇ ಬಿಟ್ಟ ಆಟಕ್ಕೆ ನಿಘಂಟಿನ ತಲೆಪದಗಳಲ್ಲೇ ಎಣಿಸಬೇಕು. ಟೀಚರು ಹಾಗೆ ಎಣಿಸಿ ರ, ತ, ಕ, ಲ, ನ ತಲಾ 6 ಇಟ್ಟರು, ಳ 3, ಭ, ಧ ತಲಾ 2, ಖ, ಘ, ಠ, ಥ, ಫ ಒಂದೊಂದೇ, ಙ, ಞ, ಛ, ಝ, ಢ ಇಲ್ಲವೇ ಇಲ್ಲ. ಹಿಂದಿನ ಬೆಂಚಿನಿಂದ ಪ–ಷ, ದ–ಧ, ಬ–ಭ ಒಂದೇ ಹಾಗೆ ಕಾಣುವುದಕ್ಕೆ ಷ ಅಕ್ಷರದ ಹೊಟ್ಟೆ ಸೀಳುವ ಗೆರೆ, ಮಹಾಪ್ರಾಣದ ಗೆರೆ ಎರಡನ್ನೂ ಕೆಂಪು ಪೇಂಟಿನಲ್ಲಿ ಬರೆದದ್ದು ಡ್ರಾಯಿಂಗ್ ಮಾಷ್ಟ್ರು.

ಅಂಕಿಯ ಸುತ್ತಿಗೆ ಭಾಷೆಯ ತಂಟೆ ಇಲ್ಲ. ದೊಡ್ಡ ಬಿಲ್ಲೆ 25, 50, 75, 100. ಸಣ್ಣವು 1ರಿಂದ 10, ತಲಾ ಎರಡು. ಒಟ್ಟು 24ರಿಂದ ಆರು ತೆಗೆದು ಮೂರಂಕಿಯ ಗುರಿ ಮುಟ್ಟುವುದು. ಸರಿಯಾಗಿ ಮುಟ್ಟಿದರೆ 10, ಐದರೊಳಗೆ ಬಂದರೆ 7, ಹತ್ತರೊಳಗೆ 5. ನಡುವೆ ಎಲ್ಲಿಯೂ ಭಿನ್ನರಾಶಿ, ಋಣಸಂಖ್ಯೆ ಕೂಡದು. ಆದರೆ ದೊಡ್ಡ ಸಂಖ್ಯೆಗೆ ಹೆದರಬಾರದು ಎಂದು ಗಣಿತದ ಮಾಷ್ಟ್ರು ಮಕ್ಕಳಿಗೆ 1997ರ ಕೌಂಟ್‌ಡೌನಿನ ಲೆಕ್ಕ ಹಾಕಿಸಿದ್ದರು. 25, 50, 75, 100, 3, 6ರಿಂದ 952 ಆಗಬೇಕು. ಜೇಮ್ಸ್ ಮಾರ್ಟಿನ್ ಎಂಬವರು 106ನ್ನು 3ರಿಂದ ಗುಣಿಸಿ 318, ಅದನ್ನು 75ರಿಂದ ಗುಣಿಸಿ 23,850, ಅದರಿಂದ 50 ಕಳೆದು 25ರಿಂದ ಭಾಗಿಸಿ 952 ತಂದರು. ಬೇರೆ ದಾರಿಯೂ ಉಂಟು: 103×6×75, ಅದನ್ನು 50ರಿಂದ ಭಾಗಿಸಿದರೆ 927, 25 ಕೂಡಿಸಿದರೆ ಮುಗಿಯಿತು. ನಮ್ಮ ಫೈನಲಿನ ಎರಡನೆಯ ಅಂಕಿಸುತ್ತು ಅಷ್ಟು ಕಷ್ಟದ್ದಲ್ಲ: 75, 9, 8, 4, 3, 2, ಗುರಿ 623. ಹುಡುಗ 75×8ಕ್ಕೆ 9×2 ಮತ್ತು 4 ಕೂಡಿಸಿ 622ರಲ್ಲಿ ನಿಂತ. ಹುಡುಗಿ 9×3ರಿಂದ 4 ಕಳೆದು 23 ಮಾಡಿಕೊಂಡಳು. ಅವನಿಗೆ 7, ಅವಳಿಗೆ 10; ಹುಡುಗನ ಆರು ಅಂಕದ ಮುನ್ನಡೆ ಮೂರಕ್ಕೆ ಇಳಿದು 47–44. ಎಲ್ಲವೂ ಕಲಸುಪದದ ಮೇಲೆ ನಿಂತಿತು, ಅಂದರೆ ಬೆಲ್ಲಿನ ಮೇಲೆ.

ಈಗ ಆ ಬೆಲ್ಲು ಕಟ್ಟಿಕೊಟ್ಟ ಅಣ್ಣನ ವಿಷಯ. ಹೆಸರು ಹಾಕಿದರೆ ನಾಳೆಯಿಂದ ವಾಚನಾಲಯದ ಫ್ಯೂಸು ಹೋದರೂ ಬರುವುದಿಲ್ಲ ಎಂದು ಹೆದರಿಸಿದ್ದಾರೆ, ಹಾಕುವುದಿಲ್ಲ. ಹಗಲು ಮನೆಗಳ ವಯರಿಂಗ್, ರಾತ್ರಿ ಬಯಲಾಟಕ್ಕೆ ಮೈಕು–ಲೈಟು. ಇಷ್ಟು ಹೇಳಿದರೆ ಊರಿನವರಿಗೆ ಸಾಕು.

ಫೈನಲಿನ ಹಿಂದಿನ ಸಂಜೆ ಗುಡುಗು ಮಳೆ ಶುರುವಾಗಿ ಕರೆಂಟು ಹೋಯಿತು. ಅಲ್ಲಿಯವರೆಗೆ ಇದ್ದದ್ದು ಎರಡು ಕಾಲಿಂಗ್ ಬೆಲ್, ಎರಡು ಸ್ವಿಚ್ಚು. ಇಬ್ಬರೂ ಒತ್ತಿದರೆ ಎರಡೂ ಬಡಿಯುತ್ತವೆ. ಮೊದಲು ಯಾರದ್ದೆಂದು ಕಿವಿ ಹೇಳಬೇಕು. ಅಣ್ಣ ಬಂದದ್ದು ಕರೆಂಟಿಗೆ ಏನಾದರೂ ದಾರಿ ಮಾಡಲಿಕ್ಕೆ. ಬೆಲ್ ನೋಡಿ, “ಇದರಲ್ಲಿ ಜಗಳ ಆಗ್ತದೆ ಮಾಷ್ಟ್ರೇ, ತೀರ್ಪು ಆಗ್ಲಿಕ್ಕಿಲ್ಲ” ಎಂದು ಎರಡನ್ನೂ ಬಿಚ್ಚಿ ಕೆಳಗಿಟ್ಟರು.

ಅವರು ಟಾರ್ಚಿನ ಬೆಳಕಿನಲ್ಲಿ ಕಟ್ಟಿದ್ದು ಹೀಗೆ. 12 ವೋಲ್ಟಿನ ಎರಡು ರಿಲೇ (ಒಳಗಿನ ಕಾಯಿಲಿಗೆ ಕರೆಂಟು ಬಂದರೆ ತಾನೇ ಕಾಂಟ್ಯಾಕ್ಟ್ ಎಳೆಯುವ ಸ್ವಿಚ್ಚು), ಒಂದೊಂದರಲ್ಲಿ ಎರಡು ಜೊತೆ ಕಾಂಟ್ಯಾಕ್ಟ್. ಒಬ್ಬನ ರಿಲೇಯ ಕಾಯಿಲಿಗೆ ಹೋಗುವ ವಯರು ಇನ್ನೊಬ್ಬನ ರಿಲೇಯ, ಎಳೆಯದಿರುವಾಗ ಮುಚ್ಚಿರುವ ಕಾಂಟ್ಯಾಕ್ಟಿನ ಮೂಲಕ ಹಾದು ಹೋಗಬೇಕು. ಹಾಗಾದರೆ ಒಂದು ಎಳೆದ ಕ್ಷಣ ಇನ್ನೊಂದರ ದಾರಿ ಕಡಿಯುತ್ತದೆ, ಆಮೇಲೆ ಎಷ್ಟು ಗುದ್ದಿದರೂ ಪ್ರಯೋಜನವಿಲ್ಲ. ಎರಡನೆಯ ಜೊತೆಯ ತೆರೆದ ಕಾಂಟ್ಯಾಕ್ಟನ್ನು ಸ್ವಿಚ್ಚಿಗೆ ಸಮಾಂತರವಾಗಿ ಕೊಟ್ಟರೆ ಕೈ ತೆಗೆದರೂ ರಿಲೇ ಹಿಡಿದೇ ಇರುತ್ತದೆ. ಕಾಯಿಲಿಗೆ ಸಮಾಂತರವಾಗಿ 1 ಕಿಲೋಓಮ್ ರೆಸಿಸ್ಟರ್ ಸೇರಿಸಿದ ಎಲ್ಇಡಿ: ರಿಲೇ ಹಿಡಿದಷ್ಟು ಹೊತ್ತೂ ದೀಪ. ಕಾಯಿಲಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ಕಡೆಗೆ ಬಿಡುವ 1ಎನ್4007 ಡಯೋಡು, ಬೆಳ್ಳಿ ಗೆರೆ ಪ್ಲಸ್ಸಿನ ಕಡೆಗೆ. ತಿರುಗಿಸಿ ಹಾಕಿದರೆ ಸ್ವಿಚ್ ಒತ್ತಿದ ಕೂಡಲೇ ಶಾರ್ಟು. ಹಾಕದೇ ಬಿಟ್ಟರೆ ರಿಲೇ ಬಿಡುವಾಗಲೆಲ್ಲ ರೀಸೆಟ್ ಸ್ವಿಚ್ಚಿನಲ್ಲಿ ಕಿಡಿ ಹಾರಿ ಅದರ ಕಾಂಟ್ಯಾಕ್ಟ್ ಕರಿಯಾಗುತ್ತದೆ. ರೀಸೆಟ್ಟಿಗೆ, ಒತ್ತಿದರೆ ಬಿಡುವ ಒಂದೇ ಸ್ವಿಚ್, ಎರಡಕ್ಕೂ ಸೇರಿ. ಕರೆಂಟಿನ ಹಂಗೇ ಬೇಡವೆಂದು 7 ಆಂಪಿಯರ್–ಅವರಿನ ಬ್ಯಾಟರಿ.

ಕಟ್ಟಿ ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ರಾತ್ರಿ ಹೋದದ್ದು ಎರಡೂ ಕಡೆ ಸಮ ಮಾಡಲಿಕ್ಕೆ. ವಯರು ಎರಡಕ್ಕೂ ಒಂದೇ ಉದ್ದ, ಒಂದೇ ದಪ್ಪ. ಸ್ವಿಚ್ಚು ಎರಡನ್ನೂ ಹತ್ತಿರ ತಂದು ಮೇಲೆ ಮರದ ಸ್ಕೇಲು ಅಡ್ಡ ಇಟ್ಟು ನಡುವಿನಲ್ಲಿ ಒತ್ತುವುದು, ಯಾವ ದೀಪ ಹೊತ್ತಿತೆಂದು ಗೋಡೆಯಲ್ಲಿ ಗೆರೆ ಎಳೆಯುವುದು, ಸ್ವಿಚ್ ಅದಲುಬದಲು ಮಾಡಿ ಪುನಃ ಒತ್ತುವುದು. ಒಂದೇ ಸ್ವಿಚ್ ಪದೇ ಪದೇ ಗೆದ್ದರೆ ಅದರ ಪತ್ತಿ (ಒಳಗಿನ ಲೋಹದ ಪಟ್ಟಿ) ಎತ್ತರ ಇದೆ ಅಂತ ಅರ್ಥ. ನಮ್ಮಲ್ಲಿ ಬಲಗಡೆಯದ್ದೇ ಗೆಲ್ಲುತ್ತಿತ್ತು. ಎಡಗಡೆಯ ಸ್ವಿಚ್ಚಿನ ಪತ್ತಿಯ ಕಿಲುಬನ್ನು ಸೊನ್ನೆ ನಂಬರಿನ ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ, ಪತ್ತಿಯನ್ನು ಕೂದಲಿನಷ್ಟು ಬಗ್ಗಿಸಿ, ಗೆರೆಗಳು ಎರಡೂ ಕಡೆ ಹೆಚ್ಚುಕಡಿಮೆ ಸಮವಾಗುವವರೆಗೆ ಅಣ್ಣ ಏಳಲಿಲ್ಲ. ಆಗಾಗ ರಿಲೇ ಎರಡೂ ಸೇರಿ ‘ಟರ್ರ್’ ಎನ್ನುತ್ತಿತ್ತು. “ಅದು ಕೆಟ್ಟದ್ದಲ್ಲ, ಇಬ್ಬರೂ ಒಟ್ಟಿಗೆ ಅಂತ ಅದೇ ಹೇಳ್ತಾ ಉಂಟು. ಆಗ ಬೇರೆ ಪದ ಹಾಕಿ.” ನಮ್ಮ ನಿಯಮದ ಹಾಳೆಯಲ್ಲಿ ಇರುವ ‘ಟರ್ರ್ ಬಂದರೆ ಹೊಸ ಪದ’ ಎಂಬ ಸಾಲು ಅಲ್ಲಿಂದ ಬಂದದ್ದು.

ಇಷ್ಟೇ ಆಗಿದ್ದರೆ ವಯರಿಂಗಿನ ಉಪಕಾರ ಎಂದು ಮುಗಿಸಬಹುದಿತ್ತು. ಬೆಲ್ ಪರೀಕ್ಷೆ ಆಗುವಾಗ ಬೋರ್ಡಿನ ಮೇಲೆ ಫೈನಲಿನ ಕಲಸುಪದವನ್ನೇ ಜೋಡಿಸಿ ಇಟ್ಟಿತ್ತು: ಗ, ಳ, ಬ, ಸೊನ್ನೆ, ದ, ಳ. ಉತ್ತರ ‘ಬೆಳದಿಂಗಳು’. ಎರಡು ರೀತಿಯಲ್ಲಿ ಬರೆಯುವ ಪದ ಬೇಡವೆಂದು ‘ತಾಳಮದ್ದಳೆ’ಯನ್ನು ಮೊದಲೇ ಕೈಬಿಟ್ಟಿದ್ದ ಟೀಚರು, ಇದಕ್ಕೆ ಇನ್ನೊಂದು ಉತ್ತರ ಇಲ್ಲವೆಂದು ನಿಶ್ಚಿಂತೆಯಲ್ಲಿದ್ದರು. ಅಣ್ಣ ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡು ಬೋರ್ಡು ನೋಡಿದರು, ತೆಗೆದರು, “ದಾಳಿಂಬೆಗಳು ಅಂತಲೂ ಆಗ್ತದಲ್ಲ ಟೀಚರೇ?” ಎಂದರು.

ಆಗುತ್ತದೆ. ದ, ಳ, ಸೊನ್ನೆ, ಬ, ಗ, ಳ. ಬಿಲ್ಲೆಗೆ ಬಿಲ್ಲೆ ಸರಿ. ಬಹುವಚನ, ನಿಯಮದಲ್ಲಿ ನಡೆಯುವುದಿಲ್ಲ ಎಂದು ನಾವು ವಾದ ಹೂಡಿದೆವು. ಮಗು ಕಣ್ಣೆದುರಿನ ಆರೂ ಅಕ್ಷರ ಬಳಸಿ ಸರಿಯಾದ ಕನ್ನಡ ಹೇಳಿದ ಮೇಲೆ ತಪ್ಪೆಂದರೆ ಸಭೆ ಒಪ್ಪುತ್ತದೆಯೇ ಎಂದು ಅವರು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಪದ ಬದಲಾಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ಕಡೆಯ ಕನ್ನಡ ಸಭೆಗಳಲ್ಲಿ ಠರಾವು, ಮನವಿ, ನಮ್ಮನ್ನು ಕರ್ನಾಟಕಕ್ಕೆ ಸೇರಿಸಬೇಕೆಂದ ಮಹಾಜನ ವರದಿ ಕೇಳಿ ಕೇಳಿ ಒಂದು ತಲೆಮಾರು ಮುದಿಯಾಯಿತು. ಅದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಮಕ್ಕಳ ಪಾಲಿಗೆ ಕನ್ನಡವೆಂದರೆ ದೊಡ್ಡವರ ಅಳು ಮಾತ್ರ ಆಗಿಬಿಟ್ಟಿತೇ ಎಂಬ ಹೆದರಿಕೆ ನಮಗೆಲ್ಲ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ರಾತ್ರಿ ಮಳೆ ಜೋರಾದಾಗ “ಯಾರಿಗೆ ಬೇಕಾಗಿದೆ ಇದು, ಬಿಟ್ಟುಬಿಡುವ” ಎಂದ ಮಾತು ನಮ್ಮೊಳಗಿನಿಂದಲೇ ಬಂತು, ಹೇಳಿದವರ ಗಂಟಲು ಕಟ್ಟಿತ್ತು. ಅಣ್ಣ ಏನೂ ಸಮಾಧಾನ ಹೇಳಲಿಲ್ಲ. ಸ್ಕೇಲನ್ನು ಮುಂದೆ ಚಾಚಿ, ನೀವು ಒತ್ತಿ, ನಾನು ದೀಪ ನೋಡ್ತೇನೆ ಎಂದರು. ಒತ್ತಿದೆವು.

ಮರುದಿನ ಬೋರ್ಡಿನ ಮೇಲೆ ಲ, ಬ, ಕ, ಲ, ನ, ಮ. ಇಬ್ಬರ ಕೈಯೂ ಇಳಿಯಿತು, ಒಂದೇ ‘ಟಕ್’, ಹುಡುಗಿಯ ಕಡೆ ದೀಪ. “ಕಾಮನಬಿಲ್ಲು.” ತಕರಾರು ಮಾಡುವವರು ಇದ್ದರು, ಚಾನೆಲಿನವರು ವಿಡಿಯೋ ನಿಲ್ಲಿಸಿ ನೋಡಿದರು. ಒಂದು ಫ್ರೇಮಿನಲ್ಲಿ ಎರಡು ಕೈಯೂ ಮೇಲೆ, ಮುಂದಿನದ್ದರಲ್ಲಿ ಎರಡೂ ಕೆಳಗೆ. ಸೆಕೆಂಡಿಗೆ 25 ಫ್ರೇಮಿನ ಕ್ಯಾಮೆರಾದಲ್ಲಿ ಒಂದರಿಂದ ಇನ್ನೊಂದಕ್ಕೆ 40 ಮಿಲಿಸೆಕೆಂಡು. ಅಂಥ ಸಣ್ಣ ರಿಲೇ ಎಳೆಯುವುದು 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿ. ಕ್ಯಾಮೆರಾಕ್ಕೆ ಸಿಗದ್ದನ್ನು ರಿಲೇ ಹಿಡಿದಿತ್ತು, ಎರಡೂ ಕಡೆ ಸಮ ಮಾಡಿದ್ದಕ್ಕೆ ಗೋಡೆಯ ಗೆರೆಗಳೇ ಸಾಕ್ಷಿ. ಸೋತ ಹುಡುಗನ ತಂದೆ ಎದ್ದು ಬಂದು ಪೆಟ್ಟಿಗೆ ತೆರೆಸಿ ವಯರು ನೋಡಿ, “ಸರಿ ಉಂಟು” ಎಂದರು. ಅವರಿಗೂ ಅವರ ಮಗನಿಗೂ ನಮ್ಮ ಕೃತಜ್ಞತೆ. ಆ ಎರಡು ಮಾತು ಹೇಳಲಿಕ್ಕೆ ಅವರಿಗೆ ಸುಲಭ ಇರಲಿಲ್ಲ.

ಅಣ್ಣ ದುಡ್ಡು ಮುಟ್ಟಲಿಲ್ಲ, ಶಾಲು ಬೇಡವೆಂದರು. ರಿಲೇ, ವಯರಿನ ಖರ್ಚಿನ ಬಿಲ್ಲು ಕೂಡ ನಮ್ಮ ಕೈಗೆ ಸಿಗಲಿಲ್ಲ. ಒಂದು ಕರಾರು ಮಾತ್ರ ಹಾಕಿದ್ದಾರೆ: ಪೆಟ್ಟಿಗೆ ಕಪಾಟಿನಲ್ಲಿ ಕೂರಬಾರದು. ಯಾವ ಶಾಲೆಯವರಾದರೂ ವಾಚನಾಲಯದ ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯಬಹುದು. ಸರ್ಕಿಟಿನ ಚಿತ್ರ ಮುಚ್ಚಳದ ಒಳಗೆ ಅಂಟಿಸಿದೆ, ಬಿಲ್ಲೆಯ ಚೀಲವೂ ಜೊತೆಗಿದೆ. ಬ್ಯಾಟರಿಯನ್ನು ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿ, ವಯರು ಗಿಡ್ಡ ಮಾಡಬೇಡಿ, ಶುರು ಮಾಡುವ ಮೊದಲು ಸ್ಕೇಲ್ ಇಟ್ಟು ಎರಡೂ ಕಡೆ ಒತ್ತಿ ನೋಡಿ. ಸ್ಕೇಲು ಪೆಟ್ಟಿಗೆಯಲ್ಲೇ ಇದೆ, ವಾಪಸು ತರುವಾಗ ಅದನ್ನು ಮರೆಯಬೇಡಿ.