ಗುಟ್ಟು ನಿಲ್ಲದ್ದು ಯಾರ ಹೊಟ್ಟೆಯಲ್ಲಿ?

ಸಂಪಾದಕರೇ,

ಹೋದ ವಾರ ಇಲ್ಲೇ ಕಲಬುರಗಿಯಲ್ಲಿ ಒಂದು ಪ್ರವಚನಕ್ಕೆ ಹೋಗಿದ್ದೆ. ಕರ್ಣ ತನ್ನ ಅಣ್ಣ ಅಂತ ಯುದ್ಧ ಮುಗಿದ ಮೇಲೆ ತಿಳಿದು ಧರ್ಮರಾಯ ಸಿಟ್ಟಾದ, ಇನ್ನು ಯಾವ ಹೆಂಗಸಿನ ಹೊಟ್ಟೆಯಲ್ಲೂ ಗುಟ್ಟು ನಿಲ್ಲದಿರಲಿ ಅಂತ ಶಾಪ ಹಾಕಿದ ಅಂದರು. ಗಂಡಸರು ನಕ್ಕರು. ನಾನೂ ಸುಮ್ನೆ ನಕ್ಕೆ. ಮನೆಗೆ ಬಂದ ಮೇಲೆ ಸಿಟ್ಟು ಬಂತು.

ಕುಂತಿ ಅಷ್ಟು ವರ್ಷ ಗುಟ್ಟು ಕಾಪಾಡಿದ್ದಕ್ಕೇ ಶಾಪ ಬಿದ್ದದ್ದು, ಅಲ್ವಾ? ಮಾದ್ರಿಯ ಕತೆಯನ್ನು ಯಾಕೆ ಬಿಡುತ್ತಾರೆ? ದೇವರನ್ನು ಕರೆದು ಮಕ್ಕಳನ್ನು ಪಡೆಯುವ ಮಂತ್ರವನ್ನು ಕುಂತಿ ಸವತಿ ಮಾದ್ರಿಗೂ ಕೊಟ್ಟಳು. ಮಾದ್ರಿ ಒಂದೇ ಸಲಕ್ಕೆ ಅಶ್ವಿನಿ ದೇವತೆಗಳಿಬ್ಬರನ್ನೂ ಕರೆದು ಅವಳಿ ಪಡೆದಳು, ಕುಂತಿಗೆ ಮೋಸ ಹೋದೆ ಅನ್ನಿಸಿತು, ಎರಡನೇ ಸಲ ಕೊಡಲಿಲ್ಲ. ಇಷ್ಟು ಮುನಿಸಿದ್ದರೂ ಮಾದ್ರಿ ಸಾಯುವಾಗ ನಕುಲ ಸಹದೇವರನ್ನು ಒಪ್ಪಿಸಿದ್ದು ಕುಂತಿಯ ಕೈಗೇ.

ಇದು ನನಗೆ ಹೊಸದೇನಲ್ಲ. ಅವ್ವನ ತವರಲ್ಲಿ ಅಜ್ಜಿಗೂ ಅವಳ ನೆಗೆಣ್ಣಿಗೂ ದಿನಾ ಒಲೆ ಮುಂದೆ ಜಗಳ. ಆದರೆ ತೊಗರಿ ರಾಶಿ ಬಂದಾಗ ಇಬ್ಬರೂ ಸೇರಿ ನಾಲ್ಕಾರು ಸೇರು ಕಾಳು ಪಕ್ಕಕ್ಕೆ ಸರಿಸಿ, ಯಾರ ಕೈಲೋ ಮಾರಿಸಿ, ಬಂದ ದುಡ್ಡನ್ನು ಕೌದಿಯೊಳಗೆ ಇಟ್ಟು ಹೊಲಿಯುತ್ತಿದ್ದರು. ಮುತ್ಯಾ ಅದೇ ಕೌದಿ ಹೊದ್ದು ಮಲಗುತ್ತಿದ್ದ, ಪಾಪ.

ತಮಾಷೆ ಏನೆಂದರೆ, ಹೆಂಗಸರ ಆಸ್ತಿಯ ಕಾನೂನು ಬರೆದವನೂ ನಮ್ಮ ಕಡೆಯವನೇ. ನಮ್ಮ ಮರತೂರಿನವನು ಅಂತ ನಾವು ಹೆಮ್ಮೆಪಡುವ ವಿಜ್ಞಾನೇಶ್ವರ, ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಮಿತಾಕ್ಷರ ಅನ್ನುವ ಧರ್ಮಶಾಸ್ತ್ರದ ಪುಸ್ತಕ ಬರೆದ. ಸ್ತ್ರೀಧನ, ಅಂದರೆ ಹೆಂಗಸಿನ ಸ್ವಂತ ಆಸ್ತಿ, ತವರಿನವರು ಕೊಟ್ಟದ್ದಷ್ಟೇ ಅಲ್ಲ, ಅವಳು ಕೊಂಡದ್ದು, ಪಾಲಿಗೆ ಬಂದದ್ದು ಕೂಡ ಅಂದ. ಅವಳ ನಂತರ ಅದು ಮಗಳಿಗೆ, ಅದರಲ್ಲೂ ಮದುವೆಯಾಗದವಳಿಗೆ ಮೊದಲು. ಪುಸ್ತಕದಲ್ಲಿ ಇಷ್ಟೆಲ್ಲ ಇದ್ದೂ ಅಜ್ಜಿ ದುಡಿದ ಹೊಲದ ಕಾಳನ್ನು ಅಜ್ಜಿಯೇ ಕದಿಯಬೇಕಾಯಿತು.

ಮುಂದಿನ ಸಲ ಶಾಪದ ಕತೆ ಹೇಳುವವರು ಮಾದ್ರಿಯದನ್ನೂ ಹೇಳಲಿ.

ಅಜ್ಜಿ ತೀರಿಕೊಂಡ ಮೇಲೆ ಆ ಸಣ್ಣಜ್ಜಿ ಅವ್ವನನ್ನು ಅಡುಗೆಮನೆಗೆ ಕರೆದು, ಕೌದಿಯ ಹೊಲಿಗೆ ಬಿಚ್ಚಿ, ‘ಅರ್ಧ ನಿಮ್ಮವ್ವಂದು, ತಗೋ’ ಅಂದಳಂತೆ. ಸೋದರಮಾವಂದಿರಿಗೆ ಸುಳಿವೇ ಇಲ್ಲ. ಎಷ್ಟಿತ್ತು ಅಂತ ಎಷ್ಟು ಸಲ ಕೇಳಿದರೂ ಅವ್ವ ನನಗೂ ಹೇಳಿಲ್ಲ.

– ಒಬ್ಬ ಓದುಗಿ, ಕಲಬುರಗಿ