ಬಿಲ್ಲಿಂಗ್ ತುದಿಯಲ್ಲಿ 'ಇವತ್ತು ಬೇಡ' ಅನ್ನಲು ಬಿಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ, ಬಟ್ಟೆಯ ರೆಕ್ಕೆಗೆ ನೇತುಬಿದ್ದು ಬೆಟ್ಟದಿಂದ ಹಾರುವ ಪ್ಯಾರಾಗ್ಲೈಡಿಂಗಿಗೆ ಹೆಸರಾದ ಹಿಮಾಚಲದ ಬಿರ್ ಬಿಲ್ಲಿಂಗ್ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಚೆನ್ನಾಗಿತ್ತು. ಧೌಲಾಧಾರ್ ಬೆಟ್ಟಸಾಲು, ಟಿಬೆಟನ್ ಕಾಲನಿ, ಸಂಜೆ ಹೊತ್ತು ಒಂದೊಂದಾಗಿ ಇಳಿಯುವ ಬಣ್ಣದ ರೆಕ್ಕೆಗಳು, ಎಲ್ಲ ಕಣ್ಣಿಗೆ ಕಟ್ಟಿದವು. ಹೋಗುವುದು ಹೇಗೆ, ಉಳಿಯುವುದು ಎಲ್ಲಿ, ಹಾರಲು ಎಷ್ಟು ಖರ್ಚು ಎಂಬುದೂ ಇತ್ತು. ಆದರೆ ಹಾರುವ ಮುಂಚೆ ಏನು ನೋಡಿಕೊಳ್ಳಬೇಕು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಬಿರ್ ಊರಿನಿಂದ ಜೀಪಿನಲ್ಲಿ ಸುಮಾರು 14 ಕಿಲೋಮೀಟರ್ ಮೇಲೆ ಹತ್ತಿದರೆ ಬಿಲ್ಲಿಂಗ್. ಎತ್ತರ ಸುಮಾರು 2,400 ಮೀಟರ್. ಇಳಿಯುವ ಬಯಲು ಅಲ್ಲಿಂದ ಹತ್ತಿರ ಹತ್ತಿರ ಸಾವಿರ ಮೀಟರ್ ಕೆಳಗಿದೆ. ಮೊದಲ ಸಲ ಹೋದಾಗ ನಮ್ಮನ್ನು ಕರೆದೊಯ್ದವರಿಗೆ ತುಂಬಾ ಆತುರ. ಹಿಂದೆ ಇನ್ನೊಂದು ಜೀಪಿನ ಜನ ಕಾಯುತ್ತಿದ್ದರು. ನನ್ನ ಬೆನ್ನಿಗೆ ಹಾರ್ನೆಸ್ (ನಮ್ಮನ್ನು ರೆಕ್ಕೆಗೆ ಕಟ್ಟುವ ಬೆಲ್ಟುಗಳ ಆಸನ) ಏರಿಸಿ, ಎದೆಯ ಬಕಲ್ ಹಾಕಿ, ನಡೀರಿ ಅಂದುಬಿಟ್ಟರು. ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ವಯಸ್ಸಾದ ಪೈಲಟ್ ಒಬ್ಬರು ನನ್ನ ಕಾಲಿನ ಕಡೆ ಕೈ ತೋರಿಸಿ ಜೋರಾಗಿ ಕೂಗಿದರು. ನೋಡಿದರೆ, ಎಡತೊಡೆಯ ಬೆಲ್ಟ್ ಹಾಗೇ ನೇತಾಡುತ್ತಿತ್ತು.

ಆ ಬೆಲ್ಟ್ ಹಾಕದಿದ್ದರೆ ಏನಾಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡೆ. ನೆಲದ ಮೇಲೆ ನಿಂತಿರುವಾಗ ಏನೂ ವ್ಯತ್ಯಾಸ ಕಾಣುವುದಿಲ್ಲ. ಕಾಲು ನೆಲ ಬಿಟ್ಟ ಕ್ಷಣ ಮೈಭಾರವೆಲ್ಲ ಆ ತೊಡೆಬೆಲ್ಟುಗಳ ಮೇಲೆ ಬೀಳಬೇಕು. ಅವು ಇಲ್ಲದಿದ್ದರೆ ಮನುಷ್ಯ ಹಾರ್ನೆಸ್ಸಿನಿಂದ ಕೆಳಕ್ಕೆ ಜಾರುತ್ತಾನೆ, ಕಂಕುಳಲ್ಲಿ ಸಿಕ್ಕಿಕೊಂಡು ನೇತಾಡುತ್ತಾನೆ. ಇಬ್ಬರು ಹಾರುವಾಗ ಪೈಲಟ್ ನಮ್ಮ ಬೆನ್ನ ಹಿಂದೆ ಇರುತ್ತಾರೆ. ಅಲ್ಲಿಂದ ನಮ್ಮ ತೊಡೆ ಅವರಿಗೆ ಸರಿಯಾಗಿ ಕಾಣುವುದೂ ಇಲ್ಲ. 2024ರ ಫೆಬ್ರವರಿಯಲ್ಲಿ ಕುಲ್ಲು ಹತ್ತಿರದ ಡೋಭಿಯಲ್ಲಿ ತೆಲಂಗಾಣದ ಪ್ರವಾಸಿ ಮಹಿಳೆಯೊಬ್ಬರು ಬಿದ್ದು ಸತ್ತರು. ಅವರ ಬೆಲ್ಟ್ ಸರಿಯಾಗಿ ನೋಡಿರಲಿಲ್ಲ ಎಂದು ಆಗ ವರದಿಯಾಗಿತ್ತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಅದಕ್ಕೇ ಹೇಳುತ್ತೇನೆ, ರೆಕ್ಕೆ ನೆಲದ ಮೇಲೆ ಹರಡಿರುವಾಗಲೇ ನಿಮ್ಮ ಕೈಯಿಂದ ನೀವೇ ಮುಟ್ಟಿ ನೋಡಿ. ಎಡತೊಡೆ, ಬಲತೊಡೆ, ಎದೆ, ಹೆಲ್ಮೆಟ್ಟಿನ ಗಲ್ಲದ ಪಟ್ಟಿ. ನಿಮ್ಮ ಹಾರ್ನೆಸ್ಸನ್ನು ರೆಕ್ಕೆಗೆ ಸೇರಿಸುವ ಎರಡೂ ಕೊಕ್ಕೆಗಳು ಲಾಕ್ ಆಗಿವೆಯಾ ಅಂತ ಕೇಳಿ. ಹತ್ತು ಸೆಕೆಂಡಿನ ಕೆಲಸ. ನಾಚಿಕೆಪಡುವಂಥದ್ದು ಏನೂ ಇಲ್ಲ.

ನಮ್ಮವರಿಗೆ ಇನ್ನೊಂದು ತೊಂದರೆ ಇದೆ, ಭಾಷೆಯದು. ಓಡುವಾಗ ಪೈಲಟ್ ಹಿಂದಿನಿಂದ 'ಭಾಗೋ, ಭಾಗೋ' ಅಂತ ಕೂಗುತ್ತಾರೆ. 'ಬೈಠ್ನಾ ನಹೀಂ' ಅನ್ನುತ್ತಾರೆ. ಓಡಿ, ಕೂರಬೇಡಿ ಅಂತ ಅರ್ಥ. ಹಳ್ಳಿಯಿಂದ ಬಂದ ನಮ್ಮ ಅಪ್ಪ ಅಮ್ಮಂದಿರಿಗೆ ಆ ಗಡಿಬಿಡಿಯಲ್ಲಿ ಇದು ಅರ್ಥ ಆಗುತ್ತಾ? ಗಾಳಿ ಸ್ವಲ್ಪ ಎತ್ತಿದ ಕೂಡಲೇ ಜನ ಕಾಲು ಮಡಚಿ ಕೂತುಬಿಡುತ್ತಾರೆ. ರೆಕ್ಕೆ ಇನ್ನೂ ಪೂರ್ತಿ ಭಾರ ಹೊತ್ತಿರುವುದಿಲ್ಲ. ಇಬ್ಬರೂ ಇಳಿಜಾರಿನ ಮೇಲೆ ಕುಸಿಯುತ್ತಾರೆ. ಜೀಪಿನಲ್ಲಿ ಹತ್ತುವಾಗಲೇ ಈ ಮಾತುಗಳನ್ನು ಕೇಳಿ ತಿಳಿದುಕೊಂಡರೆ ಎಷ್ಟೋ ಒಳ್ಳೆಯದು.

ಇನ್ನು ಗಾಳಿ. ಬೆಟ್ಟದ ಮೈಗೆ ಎದುರಾಗಿ ಬಂದ ಗಾಳಿ ಮೇಲಕ್ಕೆ ಏರುತ್ತದೆ. ಆ ಏರುಗಾಳಿ, ಬಿಸಿಲಿಗೆ ಕಾದು ಮೇಲೇಳುವ ಗಾಳಿ, ಇವೆರಡರ ಮೇಲೆಯೇ ಹಾರಾಟವೆಲ್ಲ. ಎಂಜಿನ್ ಇಲ್ಲ. ಆದರೆ ಅದೇ ಗಾಳಿ ಬೆಟ್ಟದ ನೆತ್ತಿ ದಾಟಿ ಹಿಂಬದಿಗೆ ಇಳಿಯುವಾಗ ಸುತ್ತಿ ಸುಳಿಯಾಗುತ್ತದೆ. ಮಳೆಗಾಲದ ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಹೇಗೆ ಮಗುಚುತ್ತದೋ ಹಾಗೆ. ಆ ಸುಳಿಗೆ ಸಿಕ್ಕ ರೆಕ್ಕೆ ಮುದುಡಿಕೊಳ್ಳಬಹುದು. ಸಾಮಾನ್ಯವಾಗಿ ಈ ರೆಕ್ಕೆಗಳ ವೇಗ ಗಂಟೆಗೆ 35ರಿಂದ 40 ಕಿಲೋಮೀಟರ್. ಎದುರುಗಾಳಿಯೂ ಅಷ್ಟೇ ಬಲವಾಗಿದ್ದರೆ ನೀವು ಆಕಾಶದಲ್ಲಿ ನಿಂತಲ್ಲೇ ನಿಲ್ಲುತ್ತೀರಿ. ಅದಕ್ಕಿಂತ ಜಾಸ್ತಿಯಾದರೆ ಹಿಂದಕ್ಕೆ ಹೋಗುತ್ತೀರಿ, ಆ ಸುಳಿಯ ಕಡೆಗೇ. ನೆತ್ತಿಯ ಮೇಲೆ ಗಾಳಿ ಕೆಳಗಿಗಿಂತ ಜೋರಾಗಿರುತ್ತದೆ ಬೇರೆ. ಬಿರ್‌ನಲ್ಲಿ ಎಲೆ ಅಲ್ಲಾಡುತ್ತಿಲ್ಲ ಅಂದಮಾತ್ರಕ್ಕೆ ಬಿಲ್ಲಿಂಗ್‌ನಲ್ಲೂ ಹಾಗೇ ಇರುತ್ತದೆ ಅಂತಲ್ಲ.

ಅಕ್ಟೋಬರ್, ನವೆಂಬರ್‌ನಲ್ಲಿ ಆ ಬೆಟ್ಟದ ಮುಂದೆ ಜಾತ್ರೆಯ ಹಾಗೆ ರೆಕ್ಕೆಗಳು ತುಂಬಿರುತ್ತವೆ. ಎದುರುಬದುರು ಬಂದಾಗ ಬೆಟ್ಟ ಯಾರ ಬಲಕ್ಕಿದೆಯೋ ಅವರಿಗೆ ದಾರಿ, ಇನ್ನೊಬ್ಬರು ಬಯಲಿನ ಕಡೆ ಸರಿಯಬೇಕು. ತಿರುಗುವುದಾದರೆ ಯಾವಾಗಲೂ ಬೆಟ್ಟದಿಂದ ಆಚೆಗೇ. ಇದೆಲ್ಲ ಪೈಲಟ್‌ಗಳ ಕೆಲಸ, ನಿಜ. ಆದರೆ ಅವರ ಕಣ್ಣು ಸುತ್ತಲೂ ಓಡಾಡುತ್ತಿರುವಾಗ ನಾವು ಸೆಲ್ಫಿ ಸ್ಟಿಕ್ ಚಾಚಿ 'ಭಯ್ಯಾ, ಇಲ್ಲಿ ನೋಡಿ' ಅನ್ನಬಾರದು ಅಲ್ವಾ? ಆ ಕೋಲು ರೆಕ್ಕೆಯ ದಾರಗಳಿಗೆ ಸಿಕ್ಕಿಕೊಂಡರೆ ಗತಿ ಏನು?

ಎರಡನೇ ಸಲ ಮಾರ್ಚ್ ತಿಂಗಳಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಮೇಲೆ ತಲುಪುವಷ್ಟರಲ್ಲಿ ಗಾಳಿಯ ದಿಕ್ಕು, ಬಲ ತೋರಿಸುವ ಗಾಳಿಚೀಲ ನೆಟ್ಟಗೆ ಅಡ್ಡಲಾಗಿ ನಿಂತಿತ್ತು, ಹಿಂದಿನ ಶಿಖರಗಳ ಮೇಲೆ ಮೋಡ ದಪ್ಪವಾಗುತ್ತಿತ್ತು. ನಾವು ಮುಕ್ಕಾಲು ಗಂಟೆ ಕಾದೆವು. ಕೆಲವರು ಹಾರಿದರು. ನಾನು ಬೇಡ ಅಂದೆ. ಬುಕಿಂಗ್ ಮಾಡಿಕೊಟ್ಟವರು, ನೀವೇ ಹಿಂದೆ ಸರಿದಿದ್ದೀರಿ, ಹಣ ವಾಪಸ್ ಇಲ್ಲ ಅಂದರು. ಮಗುವಿನ ಕಣ್ಣಲ್ಲಿ ನೀರು. ಜೀಪಿನಲ್ಲಿ ಕೆಳಗಿಳಿದೆವು. ಮರುದಿನ ಬೆಳಿಗ್ಗೆ ಬೇರೆಯವರಿಗೆ ಇನ್ನೊಮ್ಮೆ ದುಡ್ಡು ಕೊಟ್ಟು ಅವಳು ಹಾರಿದಳು. ಆ ಪೈಲಟ್ ಮಂಡಿಯೂರಿ ಕೂತು ಅವಳ ಎರಡೂ ಬೆಲ್ಟುಗಳನ್ನು ಎಳೆದೆಳೆದು ನೋಡಿದ್ದು ಇನ್ನೂ ನನ್ನ ಕಣ್ಣ ಮುಂದಿದೆ.

ಈ 'ಹಣ ವಾಪಸ್ ಇಲ್ಲ' ಅನ್ನುವುದೇ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. ಬೆಂಗಳೂರಿನಿಂದ ದೆಹಲಿ, ಅಲ್ಲಿಂದ ರಾತ್ರಿ ಬಸ್ಸು, ಎರಡೇ ದಿನ ರಜೆ. ಇಷ್ಟು ಮಾಡಿ ಬಂದವರು ಕೊಟ್ಟ ದುಡ್ಡು ಹೋಗುತ್ತದೆ ಅಂದರೆ ಎಂಥ ಗಾಳಿಗಾದರೂ ಮೈಯೊಡ್ಡುತ್ತಾರೆ. ನಮ್ಮ ರಾಜ್ಯದಿಂದ ಪ್ಯಾಕೇಜ್ ಮಾರುವವರು ಹಾರಾಟದ ಹಣವನ್ನು ಮೊದಲೇ ತೆಗೆದುಕೊಳ್ಳಬಾರದು. ಗಾಳಿ ಸರಿಯಿಲ್ಲದ ದಿನ ಹಾರದೆ ಉಳಿದವರಿಗೆ ಮರುದಿನದ ಅವಕಾಶವನ್ನೋ ಹಣವನ್ನೋ ಕೊಡಬೇಕು. ಹಿಮಾಚಲದಲ್ಲಿ 2004ರಿಂದಲೇ ಪ್ಯಾರಾಗ್ಲೈಡಿಂಗಿಗೆ ನಿಯಮಗಳಿವೆ. ಪೈಲಟ್‌ಗಳಿಗೆ ಲೈಸೆನ್ಸ್ ಬೇಕು, ಅದನ್ನು ತೋರಿಸಿ ಅಂತ ಕೇಳಬಹುದು. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಗಾಲದಲ್ಲಿ ಹಾರಾಟ ಬಂದ್. ಆ ದಿನಗಳಲ್ಲಿ ಯಾರಾದರೂ ಹಾರಿಸುತ್ತೇವೆ ಅಂದರೆ ಹೋಗಲೇಬೇಡಿ.

ಸಂಪಾದಕರೇ, ಇಂಥ ಜಾಗಗಳ ಬಗ್ಗೆ ಮುಂದೆ ಲೇಖನ ಬಂದಾಗ ಪಕ್ಕದಲ್ಲಿ ಒಂದು ಸಣ್ಣ ಚೌಕ ಮಾಡಿ ಈ ನಾಲ್ಕು ವಿಷಯ ಹಾಕಿ: ತೊಡೆಬೆಲ್ಟ್, ಗಾಳಿ, ಲೈಸೆನ್ಸ್, ಹಣ ವಾಪಸ್ಸಿನ ಮಾತು. ಜೊತೆಗೆ ಆ ಎರಡು ಹಿಂದಿ ಮಾತುಗಳ ಅರ್ಥವನ್ನೂ ಕೊಡಿ. ಜಾಗ ಸಾಲದಿದ್ದರೆ ಒಂದು ಫೋಟೊ ಕಡಿಮೆ ಮಾಡಿದರೂ ಪರವಾಗಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗ, ಹಾಸನ