ಡಬ್ಬಿ ಖಾಲಿ ಕೊಡುವುದಿಲ್ಲ

ಸತತ ಮೂರನೆಯ ತಿಂಗಳೂ ಸರಿಯಾಗಿ ಮುಟ್ಟಾದೆ. ಇದನ್ನು ಎಲ್ಲರೂ ಓದುವ ಕಡೆ ಬರೆಯಬೇಕಾ ಅಂತ ಎರಡು ದಿನ ಯೋಚಿಸಿದೆ. ಒಂಬತ್ತು ತಿಂಗಳು ಬಾಯಿ ಮುಚ್ಚಿಕೊಂಡು ಇದ್ದದ್ದು ಸಾಕು ಅನ್ನಿಸಿತು.

ರಿಪೋರ್ಟುಗಳ ಕಥೆ ಹತ್ತಿರದವರಿಗೆ ಗೊತ್ತೇ ಇದೆ, ಮತ್ತೆ ಬೇಡ. ಉಳಿದವರಿಗೆ ಇಷ್ಟು ಸಾಕು: ಧಾರವಾಡದ ಸಪ್ತಾಪುರದಲ್ಲಿ ಪಿಜಿ, ಪಿಎಸ್‌ಐ ಪರೀಕ್ಷೆಯ ಓದು, ನಾಲ್ಕು ಗಂಟೆ ನಿದ್ದೆ, ದೈಹಿಕ ಪರೀಕ್ಷೆಗೆಂದು ಬೆಳಗಿನ ಜಾವ ಕೆಲಗೇರಿ ಕೆರೆ ಕಡೆಗೆ ಓಟ, ಮಧ್ಯಾಹ್ನ ಊಟದ ಬದಲು ಚಹಾ ಬಿಸ್ಕತ್ತು. ಮೊದಲ ಸಲ ಮುಟ್ಟು ತಪ್ಪಿದಾಗ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಓಡುವುದಕ್ಕೆ ಅಡ್ಡಿ ಇಲ್ಲ ಅಂದುಕೊಂಡೆ. ನಾಲ್ಕನೆಯ ತಿಂಗಳು ಹೆದರಿಕೆ ಶುರುವಾಯಿತು.

ಅಮ್ಮನಿಗೆ, ದುಡ್ಡು ಕಳಿಸಿ ಯಾಕೆ ಅಂತ ಕೇಳದ ಅಣ್ಣನಿಗೆ, ನೋಟ್ಸ್ ಕೊಟ್ಟ ಲೈಬ್ರರಿ ಗೆಳತಿಯರಿಗೆ, ಎರಡನೆಯ ರೊಟ್ಟಿ ಕೇಳುವ ಮೊದಲೇ ಬಡಿಸುತ್ತಿದ್ದ ಖಾನಾವಳಿ ಅವ್ವನಿಗೆ ನಮಸ್ಕಾರ.

ಡಾಕ್ಟರಮ್ಮನಿಗೆ ಇನ್ನೂ ಸ್ವಲ್ಪ ಜಾಸ್ತಿ ಹೇಳಬೇಕು. ಅವರ ಹತ್ತಿರ ಹೋಗುವ ಮೊದಲು ಬೇರೊಂದು ಕಡೆ ಮುಟ್ಟು ಬರಿಸುವ ಮಾತ್ರೆ ಕೊಟ್ಟಿದ್ದರು. ಕೋರ್ಸ್ ಮುಗಿದರೂ ಏನೂ ಬರಲಿಲ್ಲ. ಡಾಕ್ಟರಮ್ಮ ಮೊದಲು ಉಳಿದ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿದರು: ಗರ್ಭ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು, ಅಂಡಾಶಯದ ಪಿಸಿಓಡಿ ತೊಂದರೆ. ಆಮೇಲೆ ಕೇಳಿದರು, "ಮನೆಯಲ್ಲಿ ಅಕ್ಕಿ ಇಲ್ಲದಾಗ ನೆಂಟರನ್ನು ಊಟಕ್ಕೆ ಕರೀತೀರಾ? ನಿಮ್ಮ ಮಿದುಳೂ ಅದನ್ನೇ ಮಾಡಿದೆ." ಮಿದುಳಿನ ಹೈಪೋಥಲಾಮಸ್ ಅನ್ನುವ ಭಾಗದಿಂದ ಅಂಡಾಶಯಕ್ಕೆ ಹೋಗಬೇಕಾದ ಸೂಚನೆಯೇ ನಿಧಾನವಾಗಿತ್ತಂತೆ. ಚಿಂತೆ, ಓಟ, ಅರೆಹೊಟ್ಟೆ, ಮೂರೂ ಸೇರಿ. ಅಂಡಾಶಯ ಮಾಡುವ ಈಸ್ಟ್ರೋಜನ್ ಹಾರ್ಮೋನು ಇಷ್ಟು ಕಡಿಮೆ ಇದ್ದರೆ ಆ ಮಾತ್ರೆಗೆ ರಕ್ತಸ್ರಾವ ಆಗದೆಯೂ ಇರಬಹುದು ಅಂತ ಆಗ ಗೊತ್ತಾಯಿತು. ಗರ್ಭನಿರೋಧಕ ಮಾತ್ರೆ ತಗೊಂಡರೆ ತಿಂಗಳು ತಿಂಗಳು ರಕ್ತ ಬರುತ್ತದೆ, ಆದರೆ ಒಳಗಿನದು ಸರಿಯಾಯಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ ಅಂದರು. ಚೀಟಿಯಲ್ಲಿ ಬರೆದದ್ದು ಹೊತ್ತು ಹೊತ್ತಿಗೆ ಊಟ, ಏಳೂವರೆ ಗಂಟೆ ನಿದ್ದೆ, ಸದ್ಯಕ್ಕೆ ಓಟ ಬಂದ್, ಮೂಳೆ ಸಾಂದ್ರತೆಯ ಪರೀಕ್ಷೆ, ಜೊತೆಗೆ ಒಬ್ಬ ಕೌನ್ಸೆಲರ್.

ಕೌನ್ಸೆಲರ್ ಅಂದಾಗ ನನಗೆ ಸಿಟ್ಟು ಬಂದಿತ್ತು. ನನಗೇನು ಹುಚ್ಚಾ? ಪರೀಕ್ಷೆಗೆ ಓದುವವರ ಬುದ್ಧಿ ನೋಡಿ, ಪುರಾವೆ ಹುಡುಕಿದೆ. 2003ರಲ್ಲಿ ಅಮೆರಿಕದಲ್ಲಿ ಇದೇ ತೊಂದರೆಯ 16 ಹೆಂಗಸರ ಮೇಲೆ ಒಂದು ಸಣ್ಣ ಅಧ್ಯಯನ ನಡೆದಿತ್ತು. 20 ವಾರ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆಯ ರೀತಿಯನ್ನು ಮಾತುಕತೆಯಿಂದ ತಿದ್ದುವ ಚಿಕಿತ್ಸೆ, ಪಡೆದ 8 ಜನರಲ್ಲಿ 7 ಜನರ ಅಂಡಾಶಯ ಮತ್ತೆ ಕೆಲಸ ಶುರು ಮಾಡಿತ್ತು. ಥೆರಪಿ ಕೊಡದೆ ಸುಮ್ನೆ ಗಮನಿಸಿದ 8 ಜನರಲ್ಲಿ ಇಬ್ಬರದು ಮಾತ್ರ. ಬಾಯಿ ಮುಚ್ಚಿಕೊಂಡು ಹೋದೆ. "ಈ ಸಲ ಆಗದಿದ್ದರೆ ನಾನು ಮುಗಿದೆ" ಅನ್ನುವ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಅದರ ಕೆಳಗೆ ಸಾಕ್ಷಿ ಬರೆ ಅಂದರು. ಒಂದೂ ಸಿಗಲಿಲ್ಲ.

ಆದರೆ ಇದೆಲ್ಲಕ್ಕೂ ಮೊದಲು ಒಂದು ರಾತ್ರಿ ಇತ್ತು. ಮಾತ್ರೆ ಮುಗಿದು ಹನ್ನೆರಡನೆಯ ದಿನ. ಸಂಬಂಧಿಕರೊಬ್ಬರು ಫೋನಿನಲ್ಲಿ, "ಇನ್ನು ಇವಳನ್ನ ಯಾರು ಮಾಡ್ಕೋತಾರೆ" ಅಂತ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಬಾತ್‌ರೂಮಿನ ಚಿಲಕ ಹಾಕಿಕೊಂಡು ಕೂತೆ. ನನ್ನ ಮೈ ನನ್ನದೇ ಅಲ್ಲ ಅನ್ನಿಸಿತ್ತು. ಅದನ್ನು ಹೊಡೆದುಕೊಂಡೆ ಕೂಡ. ಇದನ್ನು ಅಮ್ಮನಿಗೂ ಹೇಳಿಲ್ಲ.

ಅಕ್ಕಾ, ನನ್ನ ಪಿಜಿ ಅಕ್ಕಾ, ನೀನು ಬಾಗಿಲು ಬಡಿಯಲಿಲ್ಲ. ಹೊರಗೆ ನೆಲದ ಮೇಲೆ ಕೂತೆ. "ನಾ ಇಲ್ಲೇ ಕುಂತೀನಿ. ಅಳೂದಿದ್ರ ಅಳು, ಗಡಿಬಿಡಿ ಇಲ್ಲ" ಅಂದೆ. ಆಮೇಲೆ ನಿಮ್ಮೂರಿನ ಎಮ್ಮೆ, ಮೂರು ಸಲ ಫೇಲಾದ ನಿನ್ನ ಪರೀಕ್ಷೆ, ಬಸ್ಸಿನಲ್ಲಿ ಕಳೆದುಹೋದ ನಿನ್ನ ಒಂದು ಚಪ್ಪಲಿ, ಎಲ್ಲವನ್ನೂ ಬಾಗಿಲಿಗೆ ಹೇಳುತ್ತಾ ಹೋದೆ. ಎರಡು ಗಂಟೆಗೆ 14416ಕ್ಕೆ ಫೋನ್ ಹಚ್ಚಿ ಬಾಗಿಲ ಕೆಳಗಿನ ಸಂದಿಯಿಂದ ಮೊಬೈಲ್ ತಳ್ಳಿದೆ. ಟೆಲಿ ಮನಸ್ ಅನ್ನುವ ಆ ಮಾನಸಿಕ ಆರೋಗ್ಯದ ಸಹಾಯವಾಣಿ ನಾನು ಬಾಯಿಪಾಠ ಮಾಡಿದ್ದ ಸರ್ಕಾರಿ ಯೋಜನೆ, 2022ರಲ್ಲಿ ಶುರುವಾದದ್ದು. ಅದಕ್ಕೆ ಫೋನ್ ಮಾಡಬಹುದು ಅಂತ ಮಾತ್ರ ಹೊಳೆದಿರಲಿಲ್ಲ! ಆ ಕಡೆಯ ಹೆಣ್ಣುದನಿ ಕನ್ನಡದಲ್ಲೇ, ನಿಧಾನವಾಗಿ ಮಾತಾಡಿತು.

ನಾಲ್ಕಕ್ಕೆ ನಾನು ಚಿಲಕ ತೆಗೆದೆ. ನೀನು ಏನೂ ಕೇಳದೆ ಸ್ಟೀಲ್ ಡಬ್ಬಿ ಬಿಚ್ಚಿದೆ. ಮನೆಯಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಾನು ತಿನ್ನುವ ತನಕ ನೀನೂ ತಿನ್ನಲಿಲ್ಲ. ಎಷ್ಟೋ ದಿನಗಳ ಮೇಲೆ ಲೆಕ್ಕ ಹಾಕದೆ ತಿಂದದ್ದು ಅವತ್ತೇ. ಬೆಳಗ್ಗೆ ಒಂಬತ್ತಕ್ಕೆ ನಿನಗೆ ಮಾಕ್ ಟೆಸ್ಟ್ ಇತ್ತು. ಆ ಮಾರ್ಕ್ಸ್ ಎಷ್ಟು ಅಂತ ಇವತ್ತಿಗೂ ನೀನು ಹೇಳಿಲ್ಲ. ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದವಳೂ ನೀನೇ. ಮದುವೆಯಾಗದ ಹುಡುಗಿಗೆ ಪ್ರೆಗ್ನೆನ್ಸಿ ಟೆಸ್ಟ್ ಅಂದಾಗ ಕೌಂಟರಿನಲ್ಲಿದ್ದವರು ತಲೆ ಎತ್ತಿ ನೋಡಿದರಲ್ಲ, ಆಗ "ಏನ್ರೀ, ರಸೀದಿ ಕೊಡ್ರಿ" ಅಂದದ್ದೂ ನೀನೇ.

ಆಮೇಲಿನದು ಬೇಸರದ ಕೆಲಸ. ತಿನ್ನುವುದು, ಮಲಗುವುದು, ಬರೆಯುವುದು. ಐದು ಕೆಜಿ ಏರಿದೆ, ಹಳೆಯ ಚೂಡಿದಾರ ಬಿಗಿಯಾಯಿತು. ಒಂದೆರಡು ದಿನ ಅದಕ್ಕೂ ಅತ್ತೆ. ಚಿಕಿತ್ಸೆ ಶುರುವಾದ ಐದನೆಯ ತಿಂಗಳಲ್ಲಿ, ಲೈಬ್ರರಿಯಲ್ಲಿ, ಸಂವಿಧಾನದ ಪುಸ್ತಕ ತೆರೆದು ಕೂತಿದ್ದಾಗ ಹೊಟ್ಟೆ ನೋಯಿತು. ಆ ನೋವಿಗೆ ಅಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ಮೊದಲ ಫೋನ್ ನಿನಗೇ ಮಾಡಿದೆ. ನೀನು ಅಂದದ್ದು, "ಹೌದ? ಛಲೋ ಆತು. ಊಟ ಆತಿಲ್ಲೊ?"

ಪರೀಕ್ಷೆ ಇನ್ನೂ ಬಾಕಿ ಇದೆ. ಈಗ ವಾರಕ್ಕೆ ಮೂರು ದಿನ ಮಾತ್ರ ಓಡುತ್ತೇನೆ, ಹೊಟ್ಟೆಗೆ ಹಾಕಿಕೊಂಡು.

ನಿನ್ನ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ, ಅಕ್ಕಾ. ಖಾಲಿ ಕೊಡಬಾರದು ಅಂತಾರೆ ಅಲ್ವಾ. ದೀಪಾವಳಿಗೆ ತಿಪಟೂರಿಗೆ ಹೋಗುತ್ತೇನೆ, ಅಮ್ಮ ಕೊಬ್ಬರಿ ಮಿಠಾಯಿ ಮಾಡುತ್ತಾಳೆ. ವಿಳಾಸ ಕಳಿಸು.